ಗದ್ದಲದಲ್ಲಿ ಮಾತು ಕೇಳಿಸುತ್ತೆ, ಅರ್ಥ ಆಗಲ್ಲ: ಇದು ಕಿವಿಯ ತೊಂದರೆಯೋ, ನೆನಪಿನದೋ?

ಪ್ರಶ್ನೆ: ನನಗೆ 63 ವರ್ಷ. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದೆ, ಈಗ ನಿವೃತ್ತ. ಮನೆಯಲ್ಲಿ, ಫೋನಿನಲ್ಲಿ ಮಾತು ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಮದುವೆ ಮನೆ, ಹೋಟೆಲು, ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದಲ್ಲೇ ಕೂತವರ ಮಾತೂ ಪೂರ್ತಿ ಅರ್ಥವಾಗುವುದಿಲ್ಲ. ಸದ್ದು ಕೇಳುತ್ತೆ, ಮಾತು ಸಿಗಲ್ಲ. ಹೇಗೋ ಕಷ್ಟಪಟ್ಟು ಅರ್ಥ ಮಾಡಿಕೊಂಡರೂ ಮನೆಗೆ ಬರುವಷ್ಟರಲ್ಲಿ ಮರೆತಿರುತ್ತೇನೆ. ಕಿವಿ ಪರೀಕ್ಷೆ ಮಾಡಿಸಿದಾಗ ‘ವಯಸ್ಸಿಗೆ ತಕ್ಕ ಹಾಗಿದೆ, ತೊಂದರೆ ಇಲ್ಲ’ ಅಂದರು. ಮರೆವಿನ ಕಾಯಿಲೆ ಶುರುವಾಗ್ತಿದೆಯೇನೋ ಅಂತ ಮಗಳಿಗೆ ಭಯ. ಮೊಬೈಲಿನಲ್ಲಿ ನೆನಪಿನ ಶಕ್ತಿಯ ಆಟ ಆಡಿ ಅನ್ನುತ್ತಾಳೆ. ನಾನೇನು ಮಾಡಲಿ?

ಉತ್ತರ: ಪತ್ರ ಓದಿ ರೋಗ ಹೇಳಲು ಬರುವುದಿಲ್ಲ. ಆದರೆ ನೀವೇ ಬರೆದಿರುವ ಒಂದು ವಿಷಯವನ್ನು ನಿಮ್ಮ ಮಗಳಿಗೆ ತೋರಿಸಿ. ನೀವು ಮರೆಯುತ್ತಿರುವುದು ಗದ್ದಲದಲ್ಲಿ ಕೇಳಿಸಿಕೊಂಡ ಮಾತನ್ನು. ಮನೆಯಲ್ಲಿ ಕೇಳಿದ್ದು, ಪೇಪರಿನಲ್ಲಿ ಓದಿದ್ದು, ಫೋನಿನಲ್ಲಿ ಮಾತಾಡಿದ್ದು ಮರೆಯುತ್ತಿದ್ದೀರಿ ಅಂತ ನೀವು ಬರೆದಿಲ್ಲ. ಮರೆವಿನ ಕಾಯಿಲೆ ಹೀಗೆ ಜಾಗ ನೋಡಿಕೊಂಡು ಬರುವುದಿಲ್ಲ. ಹಾಗಾಗಿ ನಾನು ಮೊದಲು ಕಿವಿಯ ಕಡೆ ನೋಡುತ್ತೇನೆ, ಆಮೇಲೆ ಕಿವಿಗೂ ನೆನಪಿಗೂ ನಡುವೆ ಇರುವ ನಂಟಿನ ಕಡೆ. ನಿಮ್ಮ ತೊಂದರೆಯ ಬೇರು ಆ ನಂಟಿನಲ್ಲೇ ಇರಬಹುದು ಅಂತ ನನಗೆ ಅನ್ನಿಸುತ್ತದೆ.

ಮಾತು ಅರ್ಥ ಮಾಡಿಕೊಳ್ಳಬೇಕಾದರೆ ಕೇಳಿದ ಪದಗಳನ್ನು ಕೆಲವು ಕ್ಷಣ ತಲೆಯಲ್ಲಿ ಹಿಡಿದುಕೊಂಡಿರಬೇಕು. ಹಿಡಿದುಕೊಂಡೇ ಒಂದಕ್ಕೊಂದು ಜೋಡಿಸಬೇಕು. ಈ ಎರಡೂ ಕೆಲಸ ಒಟ್ಟಿಗೆ ಮಾಡುವ ನೆನಪಿಗೆ ವರ್ಕಿಂಗ್ ಮೆಮೊರಿ ಅನ್ನುತ್ತಾರೆ. ಇದರ ಬಗ್ಗೆ ಇವತ್ತಿಗೂ ಬಳಕೆಯಲ್ಲಿರುವ ವಿವರಣೆಯನ್ನು 1974ರಲ್ಲಿ ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಕೊಟ್ಟರು. ಬಾಲ್ಯದ ನೆನಪು, ಊರಿನ ದಾರಿಯ ನೆನಪು, ಕಲಿತ ಮಗ್ಗಿಯ ನೆನಪು ಇವೆಲ್ಲ ಬೇರೆ. ಅವಕ್ಕೆ ಜಾಗದ ಕೊರತೆ ಇಲ್ಲ. ವರ್ಕಿಂಗ್ ಮೆಮೊರಿಯ ಜಾಗ ಮಾತ್ರ ತೀರಾ ಚಿಕ್ಕದು. ಒಂದು ಸಲಕ್ಕೆ ನಾಲ್ಕು ವಿಷಯ ಹಿಡಿದರೆ ಹೆಚ್ಚು ಅಂತ 2001ರಲ್ಲಿ ನೆಲ್ಸನ್ ಕೋವನ್ ತೋರಿಸಿದ ಲೆಕ್ಕವನ್ನು ಬಹಳಷ್ಟು ಜನ ಒಪ್ಪುತ್ತಾರೆ. ವಯಸ್ಸಾದಂತೆ ಈ ಜಾಗ ಎಲ್ಲರಿಗೂ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ. ಅದು ಕಾಯಿಲೆಯಲ್ಲ.

ಕನ್ನಡ ಕೇಳುವವರಿಗೆ ಈ ಜಾಗ ಎಷ್ಟು ಬೇಕಾಗುತ್ತದೆ ನೋಡಿ. ‘ಆ ಬಿಳಿ ಮಾತ್ರೆ ರಾತ್ರಿ ಊಟ ಆದ ಮೇಲೆ ಹಾಲಿನ ಜೊತೆ ತಗೋಬೇಡಿ.’ ಯಾರೋ ಮದುವೆ ಊಟದ ಪಂಕ್ತಿಯಲ್ಲಿ ನಿಮಗೆ ಹೀಗೆ ಹೇಳಿದರು ಅಂದುಕೊಳ್ಳಿ. ಯಾವ ಮಾತ್ರೆ, ಯಾವಾಗ, ಯಾವುದರ ಜೊತೆ, ಎಲ್ಲವನ್ನೂ ಹಿಡಿದುಕೊಂಡು ಕೊನೆಯ ಪದದವರೆಗೆ ಕಾಯಬೇಕು. ತಗೋಬೇಕೋ, ತಗೋಬೇಡವೋ ಅನ್ನೋದು ಗೊತ್ತಾಗುವುದು ಅಲ್ಲಿ. ನಾವು ಮಾತು ಮುಗಿಸುವಾಗ ಧ್ವನಿ ಇಳಿಸುವುದೂ ಅಲ್ಲೇ! ಮಾತಿನ ತೀರ್ಮಾನ ಇರುವ ಜಾಗವೇ ಎಲ್ಲಕ್ಕಿಂತ ಮೆಲ್ಲಗೆ ಕೇಳುತ್ತದೆ. ಅಷ್ಟೊತ್ತಿಗೆ ನಾದಸ್ವರದವರು ಊದಿದರೆ ‘ತಗೋಬೇ...’ ವರೆಗೆ ಸಿಗುತ್ತೆ, ಮುಂದಿನದು ಹೋಯಿತು. ಹಾಲು, ಊಟ, ಬಿಳಿ ಮಾತ್ರೆ ಎಲ್ಲ ತಲೆಯಲ್ಲಿ ಇದೆ, ಅರ್ಥ ಮಾತ್ರ ಇಲ್ಲ.

ಗದ್ದಲ ಇದ್ದಾಗ ಇನ್ನೂ ಒಂದು ಕೆಲಸ ಸೇರಿಕೊಳ್ಳುತ್ತದೆ. ಅರ್ಧಂಬರ್ಧ ಕೇಳಿದ ಪದ ಏನಿರಬಹುದು ಅಂತ ಊಹಿಸಬೇಕು. ನೀವು ಕೌಂಟರಿನಲ್ಲಿ ಕೂತಿದ್ದವರು, ನಿಮಗೆ ಇದು ಚೆನ್ನಾಗಿ ಗೊತ್ತಿರುತ್ತೆ. ಸ್ಪಷ್ಟವಾಗಿ ಬರೆದ ಚಲನ್ ಬಂದರೆ ಕೈ ತಾನಾಗಿ ಓಡುತ್ತದೆ. ಶಾಯಿ ಹರಡಿದ ಚಲನ್ ಬಂದರೆ ಅದು ಒಂದೋ ಏಳೋ ಅಂತ ನೋಡುವುದರಲ್ಲೇ ಗಮನ ಎಲ್ಲ ಹೋಗುತ್ತದೆ, ಅಲ್ಲಿಯವರೆಗೆ ಎಣಿಸಿದ ನೋಟಿನ ಲೆಕ್ಕ ತಪ್ಪುತ್ತದೆ. ಲೆಕ್ಕ ತಪ್ಪಿದ್ದು ಲೆಕ್ಕ ಬರದೆ ಅಲ್ಲ.

ಇದನ್ನು ಪ್ರಯೋಗ ಮಾಡಿ ತೋರಿಸಿದವರಿದ್ದಾರೆ. 1968ರಲ್ಲಿ ಪ್ಯಾಟ್ರಿಕ್ ರ‍್ಯಾಬಿಟ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞರು ಜನರಿಗೆ ಅಂಕಿಗಳ ಪಟ್ಟಿ ಕೇಳಿಸಿದರು. ಪಟ್ಟಿಯ ಮೊದಲ ಅರ್ಧ ಪೂರ್ತಿ ಸ್ಪಷ್ಟ. ಎರಡನೇ ಅರ್ಧಕ್ಕೆ ಕೆಲವು ಸಲ ಗದ್ದಲ ಬೆರೆಸಿದರು. ಆಮೇಲೆ ಕೇಳಿದ್ದು ಮೊದಲ ಅರ್ಧದ ಬಗ್ಗೆ. ಆ ಅಂಕಿಗಳು ಬಂದಾಗ ಗದ್ದಲವೇ ಇರಲಿಲ್ಲ, ಕೇಳಿಸಿಕೊಳ್ಳಲು ಯಾವ ಅಡ್ಡಿಯೂ ಇರಲಿಲ್ಲ. ಆದರೂ ಎರಡನೇ ಅರ್ಧದಲ್ಲಿ ಗದ್ದಲ ಇದ್ದಾಗ ಮೊದಲ ಅರ್ಧವೇ ಜಾಸ್ತಿ ಮರೆತುಹೋಯಿತು. ನಂತರದ ಅಂಕಿಗಳನ್ನು ಹಿಡಿಯುವ ಶ್ರಮದಲ್ಲಿ ಮೊದಲು ಕೇಳಿದ್ದನ್ನು ಗಟ್ಟಿ ಮಾಡಿಕೊಳ್ಳಲು ಪುರುಸೊತ್ತೇ ಸಿಗಲಿಲ್ಲ. 1995ರಲ್ಲಿ ಕೆನಡಾದ ಟೊರಾಂಟೊದಲ್ಲಿ ಕ್ಯಾಥ್ಲೀನ್ ಪಿಚೋರಾ ಫುಲ್ಲರ್ ಮತ್ತು ಜೊತೆಗಾರರು ವಾಕ್ಯಗಳನ್ನು ಬಳಸಿ ಇಂಥದ್ದೇ ಪರೀಕ್ಷೆ ಮಾಡಿದರು. ಪ್ರತಿ ವಾಕ್ಯದ ಕೊನೆಯ ಪದ ಹೇಳಬೇಕು, ಕೆಲವು ವಾಕ್ಯ ಆದ ಮೇಲೆ ಆ ಪದಗಳನ್ನೆಲ್ಲ ನೆನಪಿಸಿಕೊಳ್ಳಬೇಕು. ಗದ್ದಲ ಹೆಚ್ಚಿದಂತೆ, ಸರಿಯಾಗಿಯೇ ಕೇಳಿಸಿಕೊಂಡು ಹೇಳಿದ ಪದಗಳೂ ಮರೆಯತೊಡಗಿದವು. ವಯಸ್ಸಾದವರಲ್ಲಿ ಇದು ಜಾಸ್ತಿ.

ನೀವು ‘ಕಷ್ಟಪಟ್ಟು ಅರ್ಥ ಮಾಡಿಕೊಂಡರೂ ಮನೆಗೆ ಬರುವಷ್ಟರಲ್ಲಿ ಮರೆತಿರುತ್ತೇನೆ’ ಅಂತ ಬರೆದಿದ್ದೀರಲ್ಲ, ಅದು ಇದೇ. ಆ ಮಾತು ನೆನಪಿನಲ್ಲಿ ಸರಿಯಾಗಿ ಕೂರಲೇ ಇಲ್ಲ, ಕೂರಿಸುವ ಶಕ್ತಿ ಕೇಳಿಸಿಕೊಳ್ಳುವುದಕ್ಕೇ ಖರ್ಚಾಯಿತು.

ಇನ್ನು ನಿಮ್ಮ ಕಿವಿ ಪರೀಕ್ಷೆ. ‘ವಯಸ್ಸಿಗೆ ತಕ್ಕ ಹಾಗಿದೆ’ ಅನ್ನುವ ಮಾತು ನನಗೆ ಸಮಾಧಾನ ಕೊಡುವುದಿಲ್ಲ. ವಯಸ್ಸಿಗೆ ತಕ್ಕ ಹಾಗೆ ಕಣ್ಣು ಮಂಜಾದರೆ ನಾವು ಸುಮ್ನೆ ಇರ್ತೀವಾ? ಕನ್ನಡಕ ಹಾಕಿಸಿಕೊಳ್ಳುತ್ತೇವೆ. ಕಿವಿಯ ವಿಷಯದಲ್ಲಿ ಮಾತ್ರ ‘ವಯಸ್ಸು’ ಅಂತ ಹೇಳಿ ಕಳಿಸಿಬಿಡುತ್ತಾರೆ. ಇದು ತಪ್ಪು, ಇದನ್ನು ಒಪ್ಪಿಕೊಳ್ಳಬೇಡಿ.

ಮಾಮೂಲಿ ಪರೀಕ್ಷೆಯಲ್ಲಿ ಏನು ಮಾಡುತ್ತಾರೆ? ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, 250ರಿಂದ 8000 ಹರ್ಟ್ಸ್‌ವರೆಗಿನ ‘ಪೀಂ’ ಸದ್ದುಗಳನ್ನು ಕೇಳಿಸಿ, ಎಷ್ಟು ಮೆಲ್ಲಗಿನ ಸದ್ದು ಕೇಳುತ್ತೆ ಅಂತ ಅಳೆಯುತ್ತಾರೆ. ಹರ್ಟ್ಸ್ ಅಂದರೆ ಸದ್ದು ಎಷ್ಟು ಕೀಚಲು ಅನ್ನುವುದರ ಅಳತೆ. ಬೇಕಾದ ಪರೀಕ್ಷೆಯೇ, ಆದರೆ ಅದರಲ್ಲಿ ಗದ್ದಲವೂ ಇಲ್ಲ, ವಾಕ್ಯವೂ ಇಲ್ಲ. ವಯಸ್ಸಿನ ಜೊತೆ ಮೊದಲು ಕಡಿಮೆಯಾಗುವುದು ಮೇಲಿನ ಹರ್ಟ್ಸ್‌ಗಳು. ಸ, ಶ ಅಂಥ ವ್ಯಂಜನಗಳ ಸದ್ದು ಇರುವುದು ಅಲ್ಲೇ. ಆ, ಈ, ಊ ಅಂಥ ಸ್ವರಗಳು ಜೋರಾಗಿ, ಕೆಳಗಿನ ಹರ್ಟ್ಸ್‌ಗಳಲ್ಲಿ ಕೂತಿರುತ್ತವೆ. ಹಾಗಾಗಿ ಸದ್ದು ಬೇಕಾದಷ್ಟು ಕೇಳುತ್ತದೆ, ಆದರೆ ಪದವನ್ನು ಪದವಾಗಿ ಗುರುತಿಸುವ ಅಂಚುಗಳು ಉದುರಿಹೋಗಿರುತ್ತವೆ. ಸದ್ದಿಲ್ಲದ ಮನೆಯಲ್ಲಿ ಉಳಿದಷ್ಟರಲ್ಲೇ ಕೆಲಸ ನಡೆಯುತ್ತದೆ. ಹಾಲ್‌ನಲ್ಲಿ ಅಷ್ಟನ್ನೂ ಗದ್ದಲ ಮುಚ್ಚಿಬಿಡುತ್ತದೆ.

ಕೆಲವರಿಗೆ ಈ ಪರೀಕ್ಷೆಯ ಗ್ರಾಫ್ ನಿಜಕ್ಕೂ ಚೆನ್ನಾಗಿಯೇ ಬಂದಿರುತ್ತದೆ, ಆದರೂ ಇದೇ ತೊಂದರೆ. ಕಿವಿಯ ಒಳಗೆ ಸದ್ದನ್ನು ಹಿಡಿಯುವ ಕೂದಲು ಕೋಶಗಳು (ಹೇರ್ ಸೆಲ್) ಸರಿ ಇದ್ದು, ಅವುಗಳಿಂದ ಮಿದುಳಿಗೆ ಹೋಗುವ ನರದ ಜೋಡಣೆಗಳು ಕಡಿಮೆಯಾಗಿರಬಹುದು. ಜೋರು ಸದ್ದಿನಿಂದ ಹೀಗಾಗುವುದನ್ನು 2009ರಲ್ಲಿ ಶರೋನ್ ಕುಜಾವ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳಲ್ಲಿ ತೋರಿಸಿದರು. ಮನುಷ್ಯರಲ್ಲಿ ಇದನ್ನು ನೇರವಾಗಿ ಅಳೆಯುವ ಖಚಿತ ವಿಧಾನ ಇನ್ನೂ ಕ್ಲಿನಿಕ್ಕಿಗೆ ಬಂದಿಲ್ಲ.

ಎಲ್ಲ ಗದ್ದಲವೂ ಒಂದೇ ಅಲ್ಲ ಅನ್ನೋದನ್ನೂ ಹೇಳಬೇಕು. ಫ್ಯಾನಿನ ಸದ್ದು ಮಾತನ್ನು ಮುಚ್ಚುತ್ತದೆ, ಅಷ್ಟೇ. ಹಿಂದಿನ ಸಾಲಿನಲ್ಲಿ ಇಬ್ಬರು ಕನ್ನಡದಲ್ಲೇ ಜಮೀನಿನ ವ್ಯಾಜ್ಯ ಮಾತಾಡುತ್ತಿದ್ದರೆ ಅದು ಮುಚ್ಚುವುದರ ಜೊತೆಗೆ ಎಳೆಯುತ್ತದೆ. ಬೇಡವಾದ ಮಾತೂ ಅರ್ಥವಾಗುವ ಮಾತೇ ಆದ್ದರಿಂದ ಅದನ್ನು ಹೊರಗಿಡುವ ಕೆಲಸವೂ ವರ್ಕಿಂಗ್ ಮೆಮೊರಿಯ ಮೇಲೆ ಬೀಳುತ್ತದೆ. ಎಲ್ಲರ ಮಾತಿನ ನಡುವೆ ಒಬ್ಬರ ಮಾತನ್ನು ಹೇಗೆ ಹಿಡಿಯುತ್ತೇವೆ ಅನ್ನುವ ಪ್ರಶ್ನೆಯನ್ನು 1953ರಲ್ಲಿ ಕಾಲಿನ್ ಚೆರ‍್ರಿ ಎತ್ತಿದರು. ಜನರ ಎರಡು ಕಿವಿಗೆ ಎರಡು ಬೇರೆ ಮಾತು ಕೇಳಿಸಿ, ಒಂದನ್ನು ಮಾತ್ರ ಹಿಂದೆಯೇ ಹೇಳಿಸುತ್ತಿದ್ದರು. ಇನ್ನೊಂದು ಕಿವಿಯ ಮಾತು ಏನೆಂದು ಜನರಿಗೆ ಹೆಚ್ಚುಕಡಿಮೆ ಗೊತ್ತೇ ಆಗುತ್ತಿರಲಿಲ್ಲ. 2001ರಲ್ಲಿ ಆಂಡ್ರ್ಯೂ ಕಾನ್ವೇ, ಕೋವನ್ ಮತ್ತು ಜೊತೆಗಾರರು ಆ ಬೇಡವಾದ ಕಿವಿಯಲ್ಲಿ ಕೇಳುವವರ ಹೆಸರನ್ನೇ ಸೇರಿಸಿದರು. ವರ್ಕಿಂಗ್ ಮೆಮೊರಿ ಕಡಿಮೆ ಇದ್ದವರಲ್ಲಿ ಶೇ 65 ಮಂದಿ ತಮ್ಮ ಹೆಸರು ಕೇಳಿತು ಅಂದರು, ಜಾಸ್ತಿ ಇದ್ದವರಲ್ಲಿ ಶೇ 20 ಮಾತ್ರ. ಹೆಸರು ಕೇಳಿದ್ದು ಚುರುಕಿನ ಗುರುತು ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಬೇಡವಾದ ಮಾತನ್ನು ಹೊರಗಿಡಲು ಆಗಲಿಲ್ಲ ಅನ್ನೋದರ ಗುರುತು ಅದು.

ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದ ಯೆರ್ಕರ್ ರೋನ್‌ಬರ್ಗ್ ಇದನ್ನೆಲ್ಲ ಒಂದು ಚೌಕಟ್ಟಿಗೆ ತಂದವರು. ಕೇಳಿದ ಸದ್ದು ನಮಗೆ ಗೊತ್ತಿರುವ ಪದಕ್ಕೆ ತಟ್ಟನೆ ಹೊಂದಿದರೆ ಅರ್ಥ ತಾನಾಗಿ ಆಗುತ್ತದೆ. ಹೊಂದದಿದ್ದಾಗ ವರ್ಕಿಂಗ್ ಮೆಮೊರಿಯನ್ನು ಕರೆಯಬೇಕಾಗುತ್ತದೆ. ಹಿಂದಿನ ಮಾತು, ವಿಷಯ, ಸಂದರ್ಭ ಎಲ್ಲ ನೋಡಿ ಕಳೆದುಹೋದ ತುಂಡನ್ನು ತುಂಬಬೇಕು. ಯಾರಿಗೆ ಇದರ ಜಾಗ ಹೆಚ್ಚು ಇದೆಯೋ ಅವರು ಗದ್ದಲದಲ್ಲಿ ಸ್ವಲ್ಪ ಚೆನ್ನಾಗಿ ನಿಭಾಯಿಸುತ್ತಾರೆ. ಮೈಕೆಲ್ ಅಕೆರಾಯ್ಡ್ 2008ರಲ್ಲಿ 20 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಮೊದಲ ಕಾರಣ ಕಿವಿಯ ಶಕ್ತಿ, ಎರಡನೆಯದು ಬುದ್ಧಿಯ ಶಕ್ತಿ, ಅದರಲ್ಲೂ ವರ್ಕಿಂಗ್ ಮೆಮೊರಿ ಅಂತ ಕಂಡಿತು. ಆ ಕ್ರಮ ನೆನಪಿಟ್ಟುಕೊಳ್ಳಿ. ಮೊದಲು ಕಿವಿ. ಕಿವಿ ಚೆನ್ನಾಗಿರುವ ಯುವಕರಲ್ಲಿ ವರ್ಕಿಂಗ್ ಮೆಮೊರಿಯ ಪಾತ್ರ ಬಹಳ ಕಡಿಮೆ, ವಯಸ್ಸು ಏರಿದಂತೆ ಅದರ ಮೇಲಿನ ಹೊರೆ ಏರುತ್ತದೆ ಅಂತ 2016ರಲ್ಲಿ ಫ್ಯುಲ್‌ಗ್ರಾಬೆ ಮತ್ತು ರೋಸನ್ ತೋರಿಸಿದರು.

ಮದುವೆಯಿಂದ ಬಂದವರು ‘ಯಾಕೋ ತಲೆ ಭಾರ, ಯಾರ ಹತ್ರನೂ ಮಾತು ಬೇಡ’ ಅನ್ನುತ್ತಾರಲ್ಲ, ಅದು ನೆಪ ಅಲ್ಲ. ಗದ್ದಲದಲ್ಲಿ ಕೇಳಿಸಿಕೊಳ್ಳುವ ಶ್ರಮ ಕಣ್ಣಿನಲ್ಲೇ ಕಾಣುತ್ತದೆ. ಮಾತು ಕಷ್ಟವಾದಂತೆ ಕಣ್ಣಿನ ಪಾಪೆ ಹಿಗ್ಗುತ್ತದೆ, ಇದನ್ನು ಕ್ಯಾಮೆರಾದಿಂದ ಅಳೆಯುತ್ತಾರೆ. ಕಷ್ಟ ಮಿತಿ ಮೀರಿದಾಗ ಮತ್ತೆ ಕುಗ್ಗುತ್ತದೆ. ಆಗ ಕೇಳುವವರು ಪ್ರಯತ್ನ ಕೈಬಿಟ್ಟಿರುತ್ತಾರೆ. ಹೊರಗಿನಿಂದ ನೋಡುವವರಿಗೆ ಅವರು ಸುಮ್ಮನೆ ನಗುತ್ತಾ ‘ಹೂಂ ಹೂಂ’ ಅನ್ನುತ್ತಾ ಕೂತಿರುವುದು ಮಾತ್ರ ಕಾಣುತ್ತದೆ.

ಮಗಳು ಹೇಳಿದ ಮೊಬೈಲ್ ಆಟದ ಬಗ್ಗೆ. ಆಡಬೇಡಿ ಅನ್ನಲ್ಲ, ಆದರೆ ಈ ತೊಂದರೆಗೆ ಅದು ಮದ್ದಲ್ಲ. ನೆನಪಿನ ತರಬೇತಿ ಮಾಡಿದವರು ಆ ಆಟದಲ್ಲಿ, ಅಂಥದ್ದೇ ಇನ್ನೊಂದು ಆಟದಲ್ಲಿ ಮುಂದೆ ಬರುತ್ತಾರೆ. ಅದರಾಚೆ ದಿನದ ಬದುಕಿಗೆ ಆ ಲಾಭ ದಾಟುವುದಿಲ್ಲ ಅಂತ 2013ರಲ್ಲಿ ಮೆಲ್ಬಿ ಲೆರ್ವೋಗ್ ಮತ್ತು ಹ್ಯೂಮ್ ಹಲವು ಅಧ್ಯಯನಗಳನ್ನು ಸೇರಿಸಿ ನೋಡಿ ಹೇಳಿದರು. ಹಿಯರಿಂಗ್ ಏಡ್ ಹಾಕುವವರನ್ನೇ ತೆಗೆದುಕೊಂಡು ಬ್ರಿಟನ್ನಿನಲ್ಲಿ ಕಾಗ್‌ಮೆಡ್ ಅನ್ನುವ ಹೆಸರಾಂತ ತರಬೇತಿಯನ್ನು ಪರೀಕ್ಷಿಸಿದಾಗಲೂ, 2022ರಲ್ಲಿ ಬಂದ ಫಲಿತಾಂಶ ಇದೇ. ಇಂಥ ತರಬೇತಿಗೆ ದುಡ್ಡು ಕೊಡಬೇಡಿ. ಜಾಗ ದೊಡ್ಡದು ಮಾಡಲು ಹೋಗುವ ಬದಲು, ಆ ಜಾಗಕ್ಕೆ ಬಂದು ಬೀಳುವ ಕೆಲಸ ಕಡಿಮೆ ಮಾಡಬೇಕು. ಅದು ನಮ್ಮ ಕೈಯಲ್ಲಿದೆ.

ಮೊದಲು ಒಬ್ಬ ಆಡಿಯಾಲಜಿಸ್ಟ್ (ಕೇಳುವ ಶಕ್ತಿ ಪರೀಕ್ಷಿಸುವ ತಜ್ಞರು) ಹತ್ತಿರ ಹೋಗಿ ‘ಗದ್ದಲದಲ್ಲಿ ಮಾತಿನ ಪರೀಕ್ಷೆ ಮಾಡಿ’ ಅಂತ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಎಷ್ಟೋ ಕಡೆ ಮಾಡುವುದಿಲ್ಲ. ಇದರಲ್ಲಿ ವಾಕ್ಯಗಳನ್ನು ಕೇಳಿಸುತ್ತಾ ಹಿಂದೆ ಹಲವರ ಮಾತಿನ ಗದ್ದಲವನ್ನು ಹೆಚ್ಚಿಸುತ್ತಾ ಹೋಗುತ್ತಾರೆ. ಎಷ್ಟು ಗದ್ದಲದಲ್ಲಿ ಅರ್ಧದಷ್ಟು ಮಾತು ಸಿಗುತ್ತೆ ಅನ್ನೋದನ್ನು ಸದ್ದಿನ ಜೋರಿನ ಅಳತೆಯಾದ ಡೆಸಿಬಲ್‌ನಲ್ಲಿ ಬರೆಯುತ್ತಾರೆ. ಪರೀಕ್ಷೆ ಕನ್ನಡದಲ್ಲೇ ಆಗಬೇಕು, ಇಂಗ್ಲಿಷಿನ ಪಟ್ಟಿಯಲ್ಲಿ ಮಾಡಿದರೆ ಬರುವ ಅಂಕ ನಿಮ್ಮ ಕಿವಿಯದಲ್ಲ. ಕಲಿತ ಭಾಷೆಗಿಂತ ತಾಯ್ನುಡಿ ಗದ್ದಲದಲ್ಲಿ ಚೆನ್ನಾಗಿ ತಡೆದುಕೊಳ್ಳುತ್ತದೆ. ಅಮೆರಿಕದಲ್ಲೋ ಲಂಡನ್ನಿನಲ್ಲೋ ಇರುವ ನಮ್ಮವರು ಆಫೀಸಿನ ಮೀಟಿಂಗಿನಲ್ಲಿ ಚೆನ್ನಾಗಿ ಇಂಗ್ಲಿಷ್ ಮಾತಾಡಿ, ಸಂಜೆ ಹೋಟೆಲಿನ ಗದ್ದಲದಲ್ಲಿ ಅದೇ ಸಹೋದ್ಯೋಗಿಗಳ ಮಾತು ಹಿಡಿಯಲಾರದೆ ಒದ್ದಾಡುವುದಕ್ಕೂ ಇದೇ ಕಾರಣ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕನ್ನಡದ್ದೇ ವಾಕ್ಯ ಪರೀಕ್ಷೆಗಳನ್ನು ತಯಾರಿಸಿದೆ. ಅಲ್ಲಿಗೆ ಹೋಗಲು ಆದರೆ ಒಳ್ಳೆಯದು, ಆಗದಿದ್ದರೆ ಅಲ್ಲಿ ಓದಿ ಬಂದ ಆಡಿಯಾಲಜಿಸ್ಟ್‌ಗಳು ರಾಜ್ಯದ ಹಲವು ಊರುಗಳಲ್ಲಿ ಸಿಗುತ್ತಾರೆ.

ಹಿಯರಿಂಗ್ ಏಡ್ ಬೇಕು ಅಂತ ಹೇಳಿದರೆ ಮುಂದಕ್ಕೆ ಹಾಕಬೇಡಿ. ಎದುರಿನಿಂದ ಬರುವ ಮಾತನ್ನು ಹೆಚ್ಚು ಹಿಡಿಯುವ ಡೈರೆಕ್ಷನಲ್ ಮೈಕ್ ಇರುವುದನ್ನು ಕೇಳಿ. ಮೆಲ್ಲಗಿನ ಸದ್ದನ್ನು ಏರಿಸಿ ಜೋರು ಸದ್ದನ್ನು ತಡೆಯುವ ಕೆಲಸವನ್ನು ಕೆಲವು ಯಂತ್ರಗಳು ಸೆಕೆಂಡಿನ ಸಣ್ಣ ಭಾಗದಲ್ಲೇ ಮಾಡುತ್ತವೆ, ಕೆಲವು ನಿಧಾನವಾಗಿ. ಬೇಗ ಬದಲಾಗುವ ಯಂತ್ರದಿಂದ ಮಾತಿನ ರೂಪವೂ ಸ್ವಲ್ಪ ಬದಲಾಗುತ್ತದೆ, ವರ್ಕಿಂಗ್ ಮೆಮೊರಿ ಕಡಿಮೆ ಇದ್ದವರಿಗೆ ಅದಕ್ಕೆ ಹೊಂದಿಕೊಳ್ಳುವುದು ಕಷ್ಟ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ‘ಮಾತು ಹರಿತ ಆಯ್ತು, ಆದರೆ ಸುಸ್ತಾಗುತ್ತೆ’ ಅನ್ನಿಸಿದರೆ ಹಾಗೇ ಹೇಳಿ. ಯಂತ್ರವನ್ನು ನಿಧಾನದ ಸೆಟ್ಟಿಂಗಿಗೆ ಬದಲಿಸಿ ನೋಡಬಹುದು. ಮೊದಲ ಕೆಲವು ವಾರ ಮನೆಯಲ್ಲಿ, ಕಡಿಮೆ ಗದ್ದಲದಲ್ಲಿ ಹಾಕಿ ಅಭ್ಯಾಸ ಮಾಡಿಕೊಳ್ಳಿ. ತಂದ ದಿನವೇ ಮದುವೆಗೆ ಹಾಕಿಕೊಂಡು ಹೋಗಿ, ಆಗಲ್ಲ ಅಂತ ಬೀರುವಿನಲ್ಲಿ ಇಟ್ಟವರನ್ನು ನಾನು ಬಹಳ ನೋಡಿದ್ದೇನೆ.

ಯಂತ್ರ ಇಲ್ಲದೆಯೂ ಮಾಡಬಹುದಾದ್ದು ಬೇಕಾದಷ್ಟಿದೆ. ಹತ್ತಿರ ಹೋಗಿ. ಬಯಲಿನಲ್ಲಿ ದೂರ ಅರ್ಧ ಆದರೆ ಮಾತಿನ ಬಲ 6 ಡೆಸಿಬಲ್ ಏರುತ್ತದೆ, ಹಾಲ್‌ನಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಅರ್ಧ ಮಾತು ಸಿಕ್ಕಿ ಅರ್ಧ ಸಿಗದ ಅಂಚಿನಲ್ಲಿ ಒಂದೊಂದು ಡೆಸಿಬಲ್ಲೂ ವಾಕ್ಯದ ಅರ್ಥಕ್ಕೆ ಶೇ 10ರಷ್ಟು ವ್ಯತ್ಯಾಸ ಮಾಡಬಲ್ಲದು. ಯಾವ ಹಿಯರಿಂಗ್ ಏಡೂ ಗದ್ದಲದಲ್ಲಿ ಅಷ್ಟು ಸುಲಭಕ್ಕೆ 6 ಡೆಸಿಬಲ್ ಕೊಡುವುದಿಲ್ಲ. ಕಲ್ಯಾಣ ಮಂಟಪದಲ್ಲಿ ಸ್ಪೀಕರ್ ಪಕ್ಕ, ಮಂಟಪದ ನಟ್ಟನಡುವೆ ಕೂರಬೇಡಿ. ಟೈಲ್ಸ್ ನೆಲ, ಬೋಳು ಗೋಡೆ ಇದ್ದ ಕಡೆ ಸದ್ದು ಮಾರ್ದನಿಸಿ ಒಂದು ಪದದ ಬಾಲ ಇನ್ನೊಂದರ ಮೇಲೆ ಬೀಳುತ್ತದೆ. ಒಂದು ಮೂಲೆಯಲ್ಲಿ, ಬೆನ್ನಿಗೆ ಪರದೆಯೋ ಅಲಂಕಾರದ ಬಟ್ಟೆಯೋ ಇರುವ ಕಡೆ ಕೂರಿ. ಮಾತಾಡುವವರ ಮುಖದ ಮೇಲೆ ಬೆಳಕಿರಲಿ. ತುಟಿ ಕಂಡರೆ ಗದ್ದಲದಲ್ಲಿ ಮಾತು ಎಷ್ಟೋ ಪಾಲು ಹೆಚ್ಚು ಸಿಗುತ್ತದೆ ಅಂತ 1954ರಷ್ಟು ಹಿಂದೆಯೇ ಅಳೆದಿದ್ದಾರೆ, ಕಿವಿ ಚೆನ್ನಾಗಿದ್ದವರಿಗೂ ಅಷ್ಟೇ.

ಮನೆಯವರು ಈ ಭಾಗ ಓದಲಿ. ಕಿರುಚಬೇಡಿ, ಕಿರುಚಿದರೆ ಸ್ವರ ಉಬ್ಬುತ್ತದೆ, ವ್ಯಂಜನ ಅಲ್ಲೇ ಉಳಿಯುತ್ತದೆ. ಮೊದಲು ಕರೆದು, ಅವರು ನಿಮ್ಮ ಕಡೆ ತಿರುಗಿದ ಮೇಲೆ ಮಾತು ಶುರು ಮಾಡಿ. ಯಾವುದರ ಬಗ್ಗೆ ಅಂತ ಮೊದಲೇ ಹೇಳಿ: ‘ಅಪ್ಪಾ, ಬಸ್ಸಿನ ವಿಷಯ.’ ವಿಷಯ ಗೊತ್ತಾದರೆ ಊಹೆಯ ಕೆಲಸ ಅರ್ಧ ಮುಗಿದಂತೆ. ತೀರ್ಮಾನವನ್ನು ಕೊನೆಗೆ ಇಡಬೇಡಿ. ‘ಬೇಡ. ಆ ಬಿಳಿ ಮಾತ್ರೆ ಹಾಲಿನ ಜೊತೆ ಬೇಡ’ ಅಂದರೆ ಬೇಡ ಅನ್ನೋದು ಎರಡು ಸಲ ಕೇಳಿತು. ವಾಕ್ಯಗಳ ನಡುವೆ ಒಂದು ಉಸಿರಿನಷ್ಟು ಬಿಡಿ, ಆ ಬಿಡುವಿನಲ್ಲೇ ಕೇಳಿದ್ದು ಗಟ್ಟಿಯಾಗುವುದು. ಅರ್ಥವಾಗದಿದ್ದರೆ ಅದೇ ವಾಕ್ಯ ಮತ್ತೆ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳಿ. ‘ಹೋಗ್ಲಿ ಬಿಡಿ, ಏನಿಲ್ಲ’ ಅಂತ ಮಾತ್ರ ಅನ್ನಬೇಡಿ. ಆ ಒಂದು ಮಾತಿಗೆ ನೊಂದು ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟ ಹಿರಿಯರಿದ್ದಾರೆ.

ನಿಮಗೂ ಒಂದು ಮಾತು, ‘ಹೂಂ’ ಅನ್ನೋದನ್ನು ಬಿಡಿ. ‘ಏನು?’ ಅಂತ ಕೇಳುವ ಬದಲು ಕೇಳಿದ ಅರ್ಧ ಹೇಳಿ, ಉಳಿದದ್ದು ಕೇಳಿ: ‘ಬಿಳಿ ಮಾತ್ರೆ ಅಂದ್ರಿ, ತಗೋಬೇಕಾ ಬೇಡ್ವಾ?’ ಎದುರಿನವರಿಗೆ ಬೇಸರ ಆಗಲ್ಲ, ನಿಮ್ಮ ಬಾಯಲ್ಲಿ ಬಂದ ಮಾತು ನೆನಪಿನಲ್ಲೂ ಉಳಿಯುತ್ತದೆ. ಔಷಧ, ದುಡ್ಡು, ಫೋನ್ ನಂಬರು, ಬಸ್ಸಿನ ಹೊತ್ತು ಇವನ್ನು ಗದ್ದಲದಲ್ಲಿ ಕಿವಿಗೆ ಬಿಡಲೇಬೇಡಿ. ಬರೆದುಕೊಳ್ಳಿ, ಇಲ್ಲವೇ ಮೊಬೈಲಿಗೆ ಮೆಸೇಜ್ ಹಾಕಿಸಿಕೊಳ್ಳಿ.

ಇನ್ನು ನಿಮ್ಮ ಮಗಳ ಭಯ. ಅದನ್ನು ತಳ್ಳಿಹಾಕುವುದಿಲ್ಲ. ನಡುವಯಸ್ಸಿನಲ್ಲಿ ಕಿವುಡುತನಕ್ಕೆ ಚಿಕಿತ್ಸೆ ಇಲ್ಲದಿರುವುದು ಡಿಮೆನ್ಷಿಯಾದ (ಮರೆವಿನ ಕಾಯಿಲೆಯ) ಅಪಾಯ ಹೆಚ್ಚಿಸುವ, ನಾವು ಸರಿಪಡಿಸಬಹುದಾದ ಕಾರಣಗಳಲ್ಲಿ ಒಂದು ಅಂತ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರ ವರದಿಯಲ್ಲೂ ಹೇಳಿದೆ. ಹಾಗಂತ ಹಿಯರಿಂಗ್ ಏಡ್ ಹಾಕಿದರೆ ಡಿಮೆನ್ಷಿಯಾ ಬರಲ್ಲ ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ. ಅಮೆರಿಕದಲ್ಲಿ 70ರಿಂದ 84 ವರ್ಷದ 977 ಜನರ ಮೇಲೆ ಮೂರು ವರ್ಷ ನಡೆದು 2023ರಲ್ಲಿ ಪ್ರಕಟವಾದ ಅಚೀವ್ ಅಧ್ಯಯನದಲ್ಲಿ ಏಡ್ ಕೊಟ್ಟವರನ್ನು ಕೊಡದವರ ಜೊತೆ ಹೋಲಿಸಿದರು. ಎಲ್ಲರನ್ನೂ ಸೇರಿಸಿ ನೋಡಿದಾಗ ಬುದ್ಧಿಯ ಇಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಮಾತ್ರ ಇಳಿಕೆ ಶೇ 48ರಷ್ಟು ನಿಧಾನವಾಯಿತು. ಏಡ್ ಹಾಕಿಸಿಕೊಳ್ಳಲು ಮಾತು ಅರ್ಥವಾಗುತ್ತೆ ಅನ್ನುವ ಕಾರಣವೇ ಸಾಕು.

ನರರೋಗ ತಜ್ಞರನ್ನು ನೋಡಬೇಕಾದ ಗುರುತುಗಳು ಬೇರೆ. ಸದ್ದಿಲ್ಲದ ಕಡೆ ಕೇಳಿದ್ದನ್ನೂ, ಓದಿದ್ದನ್ನೂ ಮರೆಯುವುದು. ಒಂದೇ ಪ್ರಶ್ನೆಯನ್ನು ಸ್ವಲ್ಪ ಹೊತ್ತಿಗೆ ಮತ್ತೆ ಮತ್ತೆ ಕೇಳುವುದು. ಗೊತ್ತಿದ್ದ ದಾರಿ ತಪ್ಪುವುದು. ಜೀವನವಿಡೀ ಮಾಡಿದ ಲೆಕ್ಕ ಈಗ ತಪ್ಪುವುದು. ಇವು ಕಂಡರೆ ತಡ ಮಾಡಬೇಡಿ, ಆಗಲೂ ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಮೊದಲು ಆಗಲಿ, ಅವುಗಳಿಂದಲೂ ಮರೆವು ಬರುತ್ತದೆ. ಮತ್ತು ಒಂದು ಕಿವಿ ದಿಢೀರನೆ ಮಂದವಾದರೆ ಅದೇ ದಿನ ಇಲ್ಲವೇ ಮರುದಿನವೇ ಇಎನ್‌ಟಿ ವೈದ್ಯರ ಹತ್ತಿರ ಹೋಗಿ, ದಿನ ಕಳೆದಂತೆ ಚಿಕಿತ್ಸೆಗೆ ಸ್ಪಂದಿಸುವ ಸಾಧ್ಯತೆ ಇಳಿಯುತ್ತದೆ.

ಆಡಿಯಾಲಜಿಸ್ಟ್ ಹತ್ತಿರ ಹೋಗುವಾಗ ಹಳೆಯ ಪರೀಕ್ಷೆಯ ಗ್ರಾಫ್ ತೆಗೆದುಕೊಂಡು ಹೋಗಿ, ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವರ ಕೋಣೆಯಲ್ಲಿ ಹೇಳುವ ಮಾತನ್ನು ಇಬ್ಬರೂ ಕೇಳಿಸಿಕೊಳ್ಳುವುದು ಒಳ್ಳೆಯದು. ಗದ್ದಲದ ಪರೀಕ್ಷೆಯ ಫಲಿತಾಂಶ ಬಂದ ಮೇಲೆ, ಗ್ರಾಫ್ ಜೊತೆ ಸೇರಿಸಿ ಬರೆದು ಕಳಿಸಿ.